ಬಿರುಕು ಬಿಟ್ಟ ಕೆರೆಯ ಆಚೆಗೂ ಬೇಸಿಗೆಯಿದೆ

ಮಾನ್ಯ ಸಂಪಾದಕರೇ,

ಮಾರ್ಚ್ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿ ಬೇಸಿಗೆಯ ಚಿತ್ರಗಳು ಶುರುವಾಗುತ್ತವೆ. ಬಿರುಕು ಬಿಟ್ಟ ಕೆರೆ, ಕಲ್ಲಂಗಡಿ ಹೋಳು ಕಚ್ಚುವ ಮಗು, ದುಪಟ್ಟಾ ತಲೆಗೆ ಹೊದ್ದು ನಡೆಯುವ ಕಾಲೇಜು ಹುಡುಗಿಯರು, ನೀರಿಲ್ಲದ ಜೋಗ. ವರ್ಷ ಬದಲಾದರೂ ಚಿತ್ರ ಬದಲಾಗುವುದಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಓದುಗರು ಕಳಿಸುವ ಚಿತ್ರಗಳೂ ಇದೇ ಅಚ್ಚಿನವು. ಅದು ಬಿಟ್ಟರೆ ಆಗುಂಬೆಯ ಸೂರ್ಯಾಸ್ತ. ಏಪ್ರಿಲ್, ಮೇ ತಿಂಗಳಲ್ಲಿ ಆಗುಂಬೆಯ ಸೂರ್ಯ ಮುಳುಗುವ ಮೊದಲೇ ಮಬ್ಬಿನಲ್ಲೋ ಮೋಡದಲ್ಲೋ ಕರಗಿಹೋಗುವುದೇ ಹೆಚ್ಚು. ಆ ಚಿತ್ರ ಬೇಕಿದ್ದವರು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಬೇಕು.

ಮಲೆನಾಡಿನ ಬೇಸಿಗೆ ನಡೆಯುವುದು ಅಂಗಳದಲ್ಲಿ, ಜಗಲಿಯಲ್ಲಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ದಾರಿಯಲ್ಲಿ ಸಿಕ್ಕವರು, ಕೆಲಸದ ನಡುವೆ ತಲೆಯೆತ್ತಿ ನೋಡಿದವರು, ನೀರು ಕೊಟ್ಟವರು ಇವೇ ಅದರ ಚಿತ್ರಗಳು. ದುಬಾರಿ ಕ್ಯಾಮೆರಾ ಇದಕ್ಕೆ ಬೇಕಿಲ್ಲ. ಯಾವ ಹೊತ್ತಿಗೆ ಯಾವ ಬೆಳಕು ಎಂಬುದು ಗೊತ್ತಿರಬೇಕು, ಎದುರಿಗಿರುವವರು ಒಪ್ಪಿರಬೇಕು, ತೆಗೆದ ಮೇಲೆ ಯಾರು, ಎಲ್ಲಿ, ಯಾವತ್ತು ಎಂದು ಬರೆದಿಡಬೇಕು. ಈ ಬೇಸಿಗೆಯಲ್ಲಿ ಚಿತ್ರ ತೆಗೆಯುವವರಿಗೂ ಅವನ್ನು ಅಚ್ಚು ಹಾಕುವ ನಿಮಗೂ ಉಪಯೋಗವಾದೀತೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಬಿಸಿಲಿನ ಲೆಕ್ಕ. ಶಿವಮೊಗ್ಗ ಸುಮಾರು 13.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ 27ರ ಆಸುಪಾಸಿನಲ್ಲಿ ಸೂರ್ಯ ಇಲ್ಲಿ ನೇರ ನೆತ್ತಿಗೆ ಬರುತ್ತಾನೆ. ನೆಟ್ಟ ಗೂಟದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಗಡಿಯಾರದಲ್ಲಿ ಆಗ 12 ಗಂಟೆಯಲ್ಲ, 12.25. ನಮ್ಮ ದೇಶದ ಕಾಲಮಾನ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ನಾವು ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದ್ದೇವೆ, ಡಿಗ್ರಿಗೆ 4 ನಿಮಿಷದಂತೆ ನಮ್ಮ ಮಧ್ಯಾಹ್ನ ಹೆಚ್ಚುಕಡಿಮೆ ಅರ್ಧ ಗಂಟೆ ತಡ. ಆ ದಿನಗಳಲ್ಲಿ ಸೂರ್ಯ ಹುಟ್ಟುವುದು 6.07ರ ಸುಮಾರಿಗೆ, ಮುಳುಗುವುದು 6.43ರ ಸುಮಾರಿಗೆ. ಬೆಳಿಗ್ಗೆ 9.20ಕ್ಕೆ ಆಳಿನ ನೆರಳು ಆಳಿನಷ್ಟೇ ಉದ್ದವಾಗುತ್ತದೆ, ಮಧ್ಯಾಹ್ನದ ಮೇಲೆ ಮತ್ತೆ ಅಷ್ಟಾಗುವುದು 3.30ಕ್ಕೆ. ಈ ಎರಡರ ನಡುವಿನ ಆರು ಗಂಟೆ ಬಯಲಿನಲ್ಲಿ ಮುಖ ತೆಗೆಯುವ ಹೊತ್ತಲ್ಲ. ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ತಲೆಗೆ ಹಾಳೆಟೊಪ್ಪಿ ಇದ್ದರಂತೂ ಮುಖವೇ ಇಲ್ಲ. ಗಡಿಯಾರ ನೋಡುವ ಅಗತ್ಯವೂ ಇಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಯಿತೆಂದರೆ ಜನರನ್ನು ಸೂರಿನ ಕೆಳಗೆ ಹುಡುಕಿ. ಗುಡ್ಡದ ಮರೆಯಲ್ಲಿರುವ ಮನೆಗಳಿಗೆ ಬಿಸಿಲು ಇಳಿಯುವುದೇ ಅರ್ಧ, ಮುಕ್ಕಾಲು ಗಂಟೆ ತಡ. ಅಲ್ಲಿ ಒಳ್ಳೆಯ ಬೆಳಕಿನ ಬೆಳಗು ಇನ್ನೂ ಗಿಡ್ಡ.

ಸೂರು ಎಂದೆ. ನಮ್ಮ ಕಡೆಯ ಹಳೆಯ ಮನೆಗಳ ಜಗಲಿಯಷ್ಟು ಒಳ್ಳೆಯ ಸ್ಟುಡಿಯೊ ಪೇಟೆಯಲ್ಲಿ ಬಾಡಿಗೆಗೂ ಸಿಗದು. ಹಂಚಿನ ಮಾಡು ತಗ್ಗಾಗಿ ಇಳಿದಿರುವುದರಿಂದ ಮೇಲಿನ ಬಿಸಿಲು ಒಳಗೆ ಬರುವುದಿಲ್ಲ. ಅಂಗಳದ ನೆಲಕ್ಕೆ ಬಿದ್ದ ಬೆಳಕು ತಿರುಗಿ ಕೆಳಗಿನಿಂದ ಮುಖಕ್ಕೆ ಏರುತ್ತದೆ. ಕೆಮ್ಮಣ್ಣಿನ ಅಂಗಳವಾದರೆ ಆ ಬೆಳಕಿಗೆ ತುಸು ಕೆಂಪು ಕಳೆ ಇರುತ್ತದೆ, ಸಿಮೆಂಟ್ ಅಂಗಳವಾದರೆ ಬಿಳಿ. ಕೂತವರನ್ನು ಜಗಲಿಯ ಅಂಚಿನಿಂದ ಎರಡು, ಮೂರು ಅಡಿ ಒಳಗೆ ಇರಗೊಟ್ಟು, ಅಂಗಳದ ಕಡೆ ಮುಖವಿರುವಾಗ ಪಕ್ಕದಿಂದ ತೆಗೆಯಿರಿ. ಅಂಗಳವನ್ನು ಅವರ ಬೆನ್ನ ಹಿಂದೆ ಹಾಕಿಕೊಂಡರೆ ಕ್ಯಾಮೆರಾ ಹೊರಗಿನ ಬೆಳಕಿಗೆ ಲೆಕ್ಕ ಹಿಡಿದು ಮನುಷ್ಯರನ್ನು ಕಪ್ಪು ಬೊಂಬೆ ಮಾಡುತ್ತದೆ. ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್, ಬೆಳಕು ಎರಡೂ ಅಲ್ಲಿಗೇ ಬೀಗ ಹಾಕಿಕೊಳ್ಳುತ್ತವೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಒಂಚೂರು ಕೆಳಗೆ ಎಳೆಯಿರಿ.

ಅಂಕಿಯಲ್ಲಿ ಬೇಕೆನ್ನುವವರಿಗೆ: ಬಟ್ಟಬಯಲಿನ ಬಿಸಿಲಿಗೆ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಚುರುಕು) 100, ಲೆನ್ಸಿನ ಕಂಡಿ ಎಫ್/8, ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/500. ಜಗಲಿಯ ಅಂಚಿಗೆ ಬಂದರೆ ಬೆಳಕು ಮೂರು ಸ್ಟಾಪ್‌ನಷ್ಟು, ಅಂದರೆ ಎಂಟರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅದೇ ಐಎಸ್‌ಒಗೆ ಶಟರ್ 1/60 ಆಗುತ್ತದೆ. ಮಾತಾಡುತ್ತಾ ಕೈ ಆಡಿಸುವವರು ಅಷ್ಟಕ್ಕೆ ಅಲುಗಿ ಮಸುಕಾಗುತ್ತಾರೆ. ಐಎಸ್‌ಒ 400ಕ್ಕೆ ಏರಿಸಿದರೆ 1/250 ಸಿಗುತ್ತದೆ. ಇನ್ನೊಂದು ವಿಷಯ ಬಿಳಿ ಪಂಚೆಯದು. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡು ಬೂದು ಬಣ್ಣವೆಂದೇ ಎಣಿಸುತ್ತದೆ. ಪಂಚೆ, ಬನಿಯನ್ ತೊಟ್ಟ ಅಜ್ಜ ಚಿತ್ರದ ತುಂಬ ಇದ್ದರೆ ಬಿಳಿಯನ್ನು ಬೂದಾಗಿಸಲು ಹೋಗಿ ಮುಖವನ್ನೂ ಕಪ್ಪಾಗಿಸುತ್ತದೆ. ಅಲ್ಲಿ ಒಂದು ಸ್ಟಾಪ್ ಹೆಚ್ಚಿಸಬೇಕು. ಎಮ್ಮೆ, ಆನೆಗಳ ಮುಂದೆ ಇದರ ತದ್ವಿರುದ್ಧ. ಸಕ್ರೆಬೈಲಿನಲ್ಲಿ ಬೆಳಗಿನ ಆನೆಯ ಮಜ್ಜನ ತೆಗೆದವರ ಚಿತ್ರಗಳಲ್ಲಿ ಆನೆ ಬೂದಿ ಮೆತ್ತಿದಂತೆ, ನೀರು ಸುಣ್ಣದಂತೆ ಕಾಣುವುದು ಈ ಕಾರಣಕ್ಕೇ. ಒಂದು ಸ್ಟಾಪ್ ಇಳಿಸಿದರೆ ಎರಡೂ ಸರಿಹೋಗುತ್ತವೆ. ನೀರಿನ ಹೊಳಪು ತೆಗೆಯಲು ಕೆಲವರು ಪೋಲರೈಸರ್ ಹಾಕುತ್ತಾರೆ. ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ತಿನ್ನುವುದಲ್ಲದೆ ಒದ್ದೆ ಬೆನ್ನಿನ ಮಿಂಚನ್ನೂ ಅಳಿಸುತ್ತದೆ. ನನಗೆ ಕೇಳಿದರೆ ಆ ಮಿಂಚೇ ಚಿತ್ರ.

ನೆತ್ತಿಯ ಬಿಸಿಲು ಎಲ್ಲ ಕಡೆ ಕೆಟ್ಟದ್ದೇನಲ್ಲ. ಹಳೆಯ ಮನೆಗಳ ಅಡುಗೆಮನೆ, ನಡುಮನೆಯ ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಇರುತ್ತವಲ್ಲ, ಅವುಗಳಿಂದ ಬೆಳಕಿನ ಕೋಲು ನೆಟ್ಟಗೆ ನೆಲಕ್ಕಿಳಿಯುವುದು ವರ್ಷದ ಈ ದಿನಗಳಲ್ಲಿ, ಅದೂ 11.30ರಿಂದ 1.30ರೊಳಗೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅದೇ ಕೋಲು ಓರೆಯಾಗಿ ಬಿದ್ದು ಗೋಡೆ ಹತ್ತುತ್ತದೆ. ಒಲೆಯ ಹೊಗೆ ತುಸು ಇದ್ದರೆ ಕೋಲು ಎದ್ದು ಕಾಣುತ್ತದೆ. ಇಲ್ಲಿ ಬೆಳಕು ಬಿದ್ದ ಜಾಗಕ್ಕೇ ಲೆಕ್ಕ ಹಿಡಿಯಿರಿ, ಉಳಿದದ್ದು ಕತ್ತಲಾಗಲಿ. ಕೋಲಿನ ಪಕ್ಕದ ಮಬ್ಬಿನಲ್ಲಿ ಕೂತವರನ್ನು ತೆಗೆಯಲು ಐಎಸ್‌ಒ 3200, ಎಫ್/2.8, 1/60ರ ತನಕ ಹೋಗಬೇಕಾದೀತು. ಕೈಯನ್ನು ಬಾಗಿಲ ದಾರಂದಕ್ಕೆ ಆನಿಸಿ ಹಿಡಿಯಿರಿ. ಫ್ಲ್ಯಾಷ್ ಹಾಕಿದರೆ ಕೋಲು ಮಾಯ. ಅಡುಗೆಮನೆಗೆ ಕಾಲಿಡುವ ಮೊದಲು ಕೇಳಬೇಕು ಎಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದವರಿಗೆ ಹೇಳಲೇಬೇಕು.

ಹಪ್ಪಳದ ಕೆಲಸ ಈ ಋತುವಿನ ದೊಡ್ಡ ದೃಶ್ಯ. ಬಲಿತ ಹಲಸಿನಕಾಯಿಯ ಸೊಳೆ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಸೇರಿಸಿ ಒರಳಲ್ಲಿ ಕುಟ್ಟಿ, ಉಂಡೆ ಮಾಡಿ, ಎರಡು ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಹರಡುವುದು. ಇಷ್ಟೂ ಒಂದೇ ಬೆಳಿಗ್ಗೆ ಮುಗಿಯಬೇಕು. ಬಿಸಿಲು ಏರುವುದರೊಳಗೆ ಹರಡದಿದ್ದರೆ ಆ ದಿನದ ಒಣಗು ತಪ್ಪುತ್ತದೆ, ಹಿಟ್ಟು ಹುಳಿಯಾಗುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಯಾರಿಗೂ ನಿಮ್ಮ ಕ್ಯಾಮೆರಾ ಕಡೆ ನೋಡಲು ಪುರುಸೊತ್ತಿಲ್ಲ, ಛಾಯಾಗ್ರಾಹಕನಿಗೆ ಅದು ಅನುಕೂಲವೇ. ಮೂರು ದೂರದಿಂದ ತೆಗೆಯಿರಿ: ಇಡೀ ಅಂಗಳ, ಒತ್ತುವವರು ಮತ್ತು ಹರಡುವವರು, ಬರೀ ಕೈಗಳು. ಹಸಿ ಹಪ್ಪಳ ತೆಳ್ಳಗಿದ್ದು ಬೆಳಕನ್ನು ಒಳಗೆ ಬಿಡುತ್ತದೆ. 8ರಿಂದ 9.30ರೊಳಗೆ, ಸೂರ್ಯನಿಗೆ ಎದುರಾಗಿ ಮೊಣಕಾಲೂರಿ, ಒಬ್ಬರು ಹಪ್ಪಳವನ್ನು ಹಾಳೆಯಿಂದ ಬಿಡಿಸಿ ಎತ್ತಿದ ಗಳಿಗೆಗೆ ಕಾದರೆ ಹಲಸಿನ ಬಣ್ಣ ದೀಪ ಹಚ್ಚಿದಂತೆ ಕಾಣುತ್ತದೆ. ನಿಂತುಕೊಂಡು ಮೇಲಿನಿಂದ ತೆಗೆದರೆ ಸಾಲು ಸಾಲು ಬಿಲ್ಲೆಗಳಷ್ಟೇ. ಮಧ್ಯಾಹ್ನ ಮೂರರ ಮೇಲೆ ಹಪ್ಪಳದ ಅಂಚು ಮೇಲೆದ್ದು ಸುರುಳುತ್ತದೆ, ಒಂದೊಂದಕ್ಕೂ ನೆರಳು ಹುಟ್ಟುತ್ತದೆ. ಮಗುಚುವ ಕೆಲಸವೂ ಆಗಲೇ. ಬರಿಗಾಲಿನವರ ಚಾಪೆಯ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಧೂಳೆಬ್ಬಿಸಬೇಡಿ. ಕಾಗೆ ಬೆದರಿಸಲು ಬಿಚ್ಚಿಟ್ಟ ಕಪ್ಪು ಕೊಡೆಯನ್ನು ಚಿತ್ರ ಚೆನ್ನಾಗಿ ಬರಲೆಂದು ಪಕ್ಕಕ್ಕೆ ಸರಿಸುವವರಿದ್ದಾರೆ. ಆ ಕೊಡೆ ಇದ್ದರೇ ಅದು ಹಪ್ಪಳದ ಅಂಗಳ.

ಉಪ್ಪಿನಕಾಯಿಯ ಎಳೆ ಮಾವು ಅಪ್ಪೆಮಿಡಿಯ ಕಾಲದಲ್ಲಿ ಮರ ಹತ್ತಿದವರನ್ನು ತೆಗೆಯಲು ಹೋಗುವವರಿಗೊಂದು ಮಾತು. ಮಿಡಿಯನ್ನು ತೊಟ್ಟು ಸಮೇತ ಕೊಯ್ದು ಚೀಲದಲ್ಲಿ ಹಗ್ಗ ಕಟ್ಟಿ ಇಳಿಸುತ್ತಾರೆ. ತೊಟ್ಟು ಮುರಿದರೆ ಸೊನೆ ಸೋರುತ್ತದೆ, ನೆಲಕ್ಕೆ ಬಿದ್ದದ್ದು ಒಡೆದು ಉಪ್ಪಿನಕಾಯಿಗೆ ಬಾರದು. ಹೊಳೆದಂಡೆಯ ಮರ ಸಾಮಾನ್ಯವಾಗಿ ಎತ್ತರ, ಕೊಂಬೆ ನೀರಿನ ಮೇಲೆ ಚಾಚಿರುತ್ತದೆ. ಮೇಲಿದ್ದವರನ್ನು ಕೂಗಿ ಈ ಕಡೆ ತಿರುಗಿಸಬಾರದು. ಕೆಳಗಿನಿಂದ ತೆಗೆದರೆ ಬಿಳಿ ಆಕಾಶದ ಮುಂದೆ ಅವರು ಬರೀ ನೆರಳಾಗುತ್ತಾರೆ. ಒಂದೂವರೆ ಸ್ಟಾಪ್ ಹೆಚ್ಚಿಸಿದರೆ ಮುಖ ಬರುತ್ತದೆ, ಆಕಾಶ ಹೋಗುತ್ತದೆ. ಅದಕ್ಕಿಂತ ಕೆಳಗೆ ಚೀಲ ಹಿಡಿದು ಕತ್ತೆತ್ತಿ ನಿಂತವರನ್ನು ತೆಗೆಯುವುದು ಲೇಸು; ಮರದ ಎತ್ತರವೆಲ್ಲ ಅವರ ಕತ್ತಿನಲ್ಲೇ ಇರುತ್ತದೆ.

ಅಡಿಕೆ ತೋಟದೊಳಗಿನ ಚಿತ್ರಗಳು ಕೆಡುವುದು ಎರಡು ಕಾರಣಕ್ಕೆ. ಸೋಗೆಯ ಸಂದಿನಿಂದ ಬೀಳುವ ಬಿಸಿಲು ಮುಖದ ಮೇಲೆ ಬಿಳಿ ಮಚ್ಚೆ ಹಾಕುತ್ತದೆ. ಎಲೆಗಳಿಂದ ಸೋಸಿ ಬಂದ ಬೆಳಕು ಚರ್ಮವನ್ನು ಹಸಿರಾಗಿಸುತ್ತದೆ. ಕಾಮಾಲೆಯವರಂತೆ ಕಾಣುವ ಎಷ್ಟೋ ತೋಟದ ಚಿತ್ರಗಳು ಅಚ್ಚಾಗಿವೆ. ಮಚ್ಚೆಗೆ ಪರಿಹಾರ, ಮೋಡ ಬರುವವರೆಗೆ ಕಾಯುವುದು ಅಥವಾ ಮುಖ ಪೂರ್ತಿ ನೆರಳಿಗೆ ಬರುವಂತೆ ಅವರನ್ನು ಒಂದು ಹೆಜ್ಜೆ ಸರಿಸುವುದು. ಹಸಿರಿಗೆ, ಕೆಲಸ ನಡೆವ ಜಾಗದಲ್ಲಿ ಒಂದು ಬಿಳಿ ಕಾಗದ ಹಿಡಿದು ಅದರಿಂದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾದ ಬಣ್ಣ) ಹೊಂದಿಸಿಕೊಳ್ಳುವುದು. ಬಾಳೆ, ಏಲಕ್ಕಿ ದಟ್ಟವಾಗಿದ್ದರೆ ಅದೂ ಸಾಲದು. ತೋಟದ ಅಂಚಿಗೆ, ಕಾಲುವೆ ಪಕ್ಕಕ್ಕೆ ಬರುವವರೆಗೆ ಕಾಯಿರಿ. ಶಿವಮೊಗ್ಗದ ಗಾಂಧಿ ಬಜಾರಿನಂಥ ಇಕ್ಕಟ್ಟಿನಲ್ಲಿ ಇದೇ ತೊಂದರೆ ಟಾರ್ಪಾಲಿನಿಂದ. ನೀಲಿ ಟಾರ್ಪಾಲಿನ ಕೆಳಗಿನ ಮಾವಿನಹಣ್ಣೂ ನೀಲಿ, ಮಾರುವವರೂ ನೀಲಿ. ಅರ್ಧ ಮುಖಕ್ಕೆ ಬಯಲ ಬೆಳಕು, ಅರ್ಧಕ್ಕೆ ಟಾರ್ಪಾಲಿನದಾದರೆ ಯಾವ ಸಾಫ್ಟ್‌ವೇರಿಗೂ ಅದು ಸರಿಹೋಗದು.

ಪೇಟೆಯ ಬೀದಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಆಕಸ್ಮಿಕ ಗಳಿಗೆ ಹಿಡಿಯಬೇಕೆನ್ನುವವರು ಆಟೊಫೋಕಸ್ ನಂಬದಿದ್ದರೆ ಒಳ್ಳೆಯದು. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 35 ಮಿ.ಮೀ. ಲೆನ್ಸ್ ಹಾಕಿ, ಎಫ್/8ಕ್ಕೆ ಇಟ್ಟು, ಫೋಕಸನ್ನು 3 ಮೀಟರಿಗೆ ನಿಲ್ಲಿಸಿ. ಸುಮಾರು 1.9 ಮೀಟರಿನಿಂದ 7 ಮೀಟರಿನ ತನಕ ಎಲ್ಲವೂ ಸ್ಪಷ್ಟ. ಬಸ್ಸಿನ ಬಾಗಿಲಿಗೂ ನಿಮಗೂ ಇರುವ ದೂರ ಅದರೊಳಗೇ. ನಡೆಯುವವರಿಗೆ 1/250, ಸೀಟು ಹಿಡಿಯಲು ಓಡುವವರಿಗೆ 1/500. ಅಂಗಡಿಗಳ ಎಲ್‌ಇಡಿ, ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಅಡ್ಡ ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ. ಈ ತಿಂಗಳುಗಳಲ್ಲಿ ಊರೂರಿಗೆ ಬರುವ ಯಕ್ಷಗಾನದ ರಂಗಸ್ಥಳಕ್ಕೂ ಇದೇ ಲೆಕ್ಕ. ಕುಣಿತ 1/100ಕ್ಕೆ ಅಲುಗುತ್ತದೆ ನಿಜ. ಹಾಗಾಗಿ ಪಾತ್ರಧಾರಿ ನಿಂತು ಅರ್ಥ ಹೇಳುವಾಗ ತೆಗೆಯಿರಿ. ಫ್ಲ್ಯಾಷ್ ಬೇಡವೇ ಬೇಡ.

ಮೊಬೈಲಿನವರಿಗೆ ಎರಡೇ ಎಚ್ಚರಿಕೆ. ಹತ್ತಿರ ಹೋಗಿ ತೆಗೆದರೆ ಅದರ ಅಗಲ ಲೆನ್ಸು ಮೂಗನ್ನು ಉಬ್ಬಿಸಿ ಕಿವಿಯನ್ನು ಹಿಂದಕ್ಕೆ ಸರಿಸುತ್ತದೆ. ಒಂದೂವರೆ, ಎರಡು ಮೀಟರ್ ದೂರ ನಿಂತು 2 ಎಕ್ಸ್ ಬಳಸಿ. ಪೋರ್ಟ್ರೇಟ್ ಮೋಡ್ ಮುಡಿದ ಮಲ್ಲಿಗೆಯನ್ನೂ ಕೊಡೆಯ ಕಡ್ಡಿಯನ್ನೂ ಹಿನ್ನೆಲೆಯೆಂದು ತಿಳಿದು ಮಸುಕು ಮಾಡುತ್ತದೆ. ಹಿಂದೆ ಇರುವ ಮನೆ, ಕೊಟ್ಟಿಗೆ, ಬಸ್ಸಿನ ಬೋರ್ಡು ಸ್ಪಷ್ಟವಿರುವುದೇ ದಿನನಿತ್ಯದ ಚಿತ್ರಕ್ಕೆ ಮುಖ್ಯ.

ಇನ್ನು ಕೇಳುವ ಮಾತು. ಬೇಸಿಗೆಯಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಆಮೇಲೆ ಮಜ್ಜಿಗೆಯೋ ಮುರುಗಲ ಹಣ್ಣಿನ ಪಾನಕವೋ. ಅದನ್ನು ಕುಡಿದು, ಲೋಟ ಕೆಳಗಿಟ್ಟ ಮೇಲೆ ಕ್ಯಾಮೆರಾ ಹೊರಗೆ ತೆಗೆಯುವುದು ಮರ್ಯಾದೆ. 'ಅಮ್ಮಾ, ನೀವು ಕೆಲ್ಸ ಮಾಡ್ತಾ ಇರಿ, ಹಾಗೇ ಒಂದು ಫೋಟೊ ತಗೊಳ್ಲಾ?' ಎಂದರೆ ಸಾಕು. 'ನನ್ ಫೋಟೊ ಎಂತಕ್ಕೆ ಮಾರಾಯ' ಎಂದು ನಕ್ಕು ಸೆರಗು ಸರಿಮಾಡಿಕೊಂಡರೆ ಅದು ಒಪ್ಪಿಗೆ. ಅದೇ ಮಾತನ್ನು ಬೆನ್ನು ತಿರುಗಿಸಿ ಹೇಳಿದರೆ ಒಪ್ಪಿಗೆಯಲ್ಲ. ಒಪ್ಪಿದ ಕೂಡಲೇ ಎಲ್ಲರೂ ನೆಟ್ಟಗೆ ನಿಂತು ಪಾಸ್‌ಪೋರ್ಟ್ ಫೋಟೊದ ಮುಖ ಮಾಡುತ್ತಾರೆ. ಅದನ್ನೂ ತೆಗೆಯಿರಿ, ಅದು ಅವರಿಗೆ ಬೇಕಾದ ಚಿತ್ರ. ತೆಗೆದು, ತೋರಿಸಿ, ಮಾತಿಗೆ ಕೂತರೆ ಐದು ನಿಮಿಷದಲ್ಲಿ ಕೈ ತಾನಾಗಿ ಕೆಲಸಕ್ಕೆ ಮರಳುತ್ತದೆ. ನಿಮಗೆ ಬೇಕಾದ್ದು ಆಗ ಸಿಗುತ್ತದೆ. ವಾಟ್ಸ್ಆ್ಯಪಿಗೆ ಕಳಿಸುತ್ತೇನೆ ಎನ್ನುವುದಕ್ಕಿಂತ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ಹಾಕಿಸಿ ಕೊಡುವುದು ಮೇಲು. ಹಿರಿಯರಿರುವ ಮನೆಗಳಲ್ಲಿ ಗೋಡೆಗೆ ಸಿಕ್ಕಿಸುವುದು ಪ್ರಿಂಟನ್ನೇ.

ಬೇಡ ಎನ್ನುವವರಿಗೂ ಕಾರಣವಿದೆ, ಅದು ನಾಚಿಕೆಯೊಂದೇ ಅಲ್ಲ. ಬಗರ್‌ಹುಕುಂ, ಅರಣ್ಯ ಒತ್ತುವರಿ, ಶರಾವತಿ ಮುಳುಗಡೆಯವರ ಭೂಮಿ ಹಕ್ಕು ಇಂಥ ತಕರಾರು ತಲೆಯ ಮೇಲೆ ತೂಗುತ್ತಿರುವ ಊರುಗಳಲ್ಲಿ ಗುರುತಿಲ್ಲದವರು ತೋಟ, ಬೇಲಿ, ಕೊಟ್ಟಿಗೆಯ ಕಡೆ ಕ್ಯಾಮೆರಾ ತಿರುಗಿಸಿದರೆ 'ಸರ್ವೆಯವರಾ, ಫಾರೆಸ್ಟಿನವರಾ' ಎಂಬ ಪ್ರಶ್ನೆ ಮೊದಲು ಬರುತ್ತದೆ. ಯಾರು, ಯಾವ ಊರು, ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಮೊದಲೇ ಹೇಳಿಬಿಡಬೇಕು. ಮೊಬೈಲಿನ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಅಡಗಿರುತ್ತದೆ. ಊರ ಹೆಸರು ಬರೆಯುವುದು ಬೇರೆ, ಮನೆಯ ನಿಖರ ಬಿಂದುವನ್ನು ಊರಿಗೆಲ್ಲ ಹಂಚುವುದು ಬೇರೆ. ಹಿತ್ತಿಲಲ್ಲಿ ಗಂಧದ ಮರವಿರುವ ಮನೆ, ಜೇನಿರುವ ಮರ, ಗೂಡು ಕಟ್ಟಿದ ಹಕ್ಕಿ, ಇವುಗಳ ಚಿತ್ರ ಹಂಚುವ ಮುನ್ನ ಆ ಮಾಹಿತಿಯನ್ನು ಅಳಿಸಲೇಬೇಕು. ತುಂಗೆಯ ದಂಡೆ, ಕೂಡಲಿ, ತೀರ್ಥಹಳ್ಳಿಯ ಸ್ನಾನಘಟ್ಟಗಳಲ್ಲಿ ಹೆಂಗಸರು ಮೀಯುವ, ಬಟ್ಟೆ ಬದಲಿಸುವ ಜಾಗದ ಕಡೆ ಲೆನ್ಸ್ ತಿರುಗಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧವೂ ಆಗಬಹುದು. ಹೊಳೆಯಲ್ಲಿ ಈಜುವ ಮಕ್ಕಳ ಚಿತ್ರಕ್ಕೆ ದಡದಲ್ಲಿರುವ ದೊಡ್ಡವರನ್ನು ಕೇಳಿ. ದೊಡ್ಡವರೇ ಇಲ್ಲದಿದ್ದರೆ ಚಿತ್ರ ಬಿಟ್ಟು ಮಕ್ಕಳನ್ನು ದಡಕ್ಕೆ ಕರೆಯಿರಿ, ಬೇಸಿಗೆಯ ಹೊಳೆಯಲ್ಲಿ ಗುಂಡಿಗಳು ಕಾಣುವುದಿಲ್ಲ.

ದರಕು (ಒಣಗಿ ಉದುರಿದ ಎಲೆ) ಗುಡಿಸುವವರು, ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಬರುವವರು ಒಳ್ಳೆಯ ಚಿತ್ರ ಎಂದು ಕಾಡಂಚಿಗೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ವೈರಸ್ಸು ಉಣುಗಿನಿಂದ ಹರಡುತ್ತದೆ. ಅದರ ಕಾಲ ಡಿಸೆಂಬರ್‌ನಿಂದ ಮೇ. ಆಗ ಓಡಾಡುವ ಮರಿ ಉಣುಗು ಕಣ್ಣಿಗೆ ಬೀಳದಷ್ಟು ಸಣ್ಣದು. ತಗ್ಗು ಕೋನ ಬೇಕೆಂದು ತರಗೆಲೆಯ ಮೇಲೆ ಅಂಗಾತ, ಬೋರಲು ಮಲಗುವ ಚಟ ಛಾಯಾಗ್ರಾಹಕರಿಗೆ ಇದೆ. ಈ ತಿಂಗಳುಗಳಲ್ಲಿ ಅದನ್ನು ಬಿಡಬೇಕು. ಕ್ಯಾಮೆರಾದ ಹಿಂದಿನ ಪರದೆಯನ್ನು ಮೇಲಕ್ಕೆ ಮಡಚಿಕೊಂಡು ಕುಕ್ಕರಗಾಲಲ್ಲಿ ಕೂತು ತೆಗೆಯಿರಿ. ಕ್ಯಾಮೆರಾ ಚೀಲವನ್ನು ಎಲೆಯ ಮೇಲೆ ಇಡಬೇಡಿ, ಮನೆಗೆ ಉಣುಗು ಬರುವುದು ಚೀಲದ ಮಡಿಕೆಯಲ್ಲಿ. ತುಂಬುತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ. ಡೆಪಾ ಹಚ್ಚಿದ ಕೈಯಲ್ಲಿ ಲೆನ್ಸ್ ಮುಟ್ಟದಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಚಿತ್ರ ತೆಗೆಯುವುದಲ್ಲ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಸಲಕರಣೆಗೂ ಬೇಸಿಗೆ ಕಷ್ಟವೇ. ಹೆಚ್ಚಿನ ಮೊಬೈಲುಗಳು 35 ಡಿಗ್ರಿ ಸುತ್ತಲಿನ ಶಾಖಕ್ಕೆ ತಕ್ಕಂತೆ ಮಾಡಿದವು. ಅದಕ್ಕೂ ಮೇಲೆ ಹೋದರೆ ಪರದೆ ಮಂಕಾಗುತ್ತದೆ, ಕ್ಯಾಮೆರಾ ನಿಂತುಬಿಡುತ್ತದೆ. ಆಗ ನೆರಳಿಗೆ ತನ್ನಿ, ಕವಚ ಬಿಚ್ಚಿ. ಫ್ರಿಜ್ಜಿಗೆ ಇಟ್ಟರೆ ಒಳಗೆ ನೀರು ಹನಿಗಟ್ಟುತ್ತದೆ. ಮುಚ್ಚಳ ತೆಗೆದ ಟೆಲಿ ಲೆನ್ಸನ್ನು ಸೂರ್ಯನ ಕಡೆಗೆ ಮಾಡಿ ಜಗಲಿಯಲ್ಲಿ ಬಿಟ್ಟರೆ ಭೂತಗನ್ನಡಿಯಂತೆ ಬಿಸಿಲನ್ನು ಒಂದೇ ಕಡೆ ಕೂಡಿಸಿ ಶಟರ್ ಸುಡಬಹುದು. ಕೆಂಪು ಧೂಳನ್ನು ಬಾಯಿಂದ ಊದಬೇಡಿ, ಎಂಜಲಿನ ಹನಿ ಸೇರಿ ಕೆಸರಾಗುತ್ತದೆ. ರಬ್ಬರ್ ಬ್ಲೋಯರ್ ಬಳಸಿ. ಬಸ್ ಸ್ಟ್ಯಾಂಡಿನಲ್ಲಿ ಲೆನ್ಸ್ ಬದಲಿಸಿದವರಿಗೆ ಎಫ್/16ರಲ್ಲಿ ತೆಗೆದ ಆಕಾಶದ ತುಂಬ ಚುಕ್ಕಿ ಗ್ಯಾರಂಟಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆ ಚಾರ್ಜರ್, ಹಾರ್ಡ್ ಡಿಸ್ಕ್, ಕಂಪ್ಯೂಟರನ್ನು ಪ್ಲಗ್‌ನಿಂದಲೇ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲು ಇಂಟರ್‌ನೆಟ್ಟಿನ ತಂತಿಯಲ್ಲೂ ಬರುತ್ತದೆ. ಚಿತ್ರಗಳ ಒಂದು ಪ್ರತಿಯಾದರೂ ಬೇರೆ ಮನೆಯಲ್ಲಿರಲಿ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೆಲಸ. ಗಾಳಿಯ ತೇವ ಶೇ 60-70 ದಾಟಿ ಹಾಗೇ ನಿಂತರೆ ಲೆನ್ಸಿನೊಳಗೆ ಬೂಷ್ಟು ಜೇಡನ ಎಳೆಯಂತೆ ಹಬ್ಬುತ್ತದೆ. ಜೂನ್ ಆದ ಮೇಲೆ ನಮ್ಮಲ್ಲಿ ಅದು ಬಹುಮಟ್ಟಿಗೆ ಅದಕ್ಕೂ ಮೇಲೇ ಇರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಂದು ತೇವಮಾಪಕ, ಸಿಲಿಕಾ ಜೆಲ್ ಇಷ್ಟಿದ್ದರೆ ಸಾಕು. ಬಣ್ಣ ಬದಲಾದ ಜೆಲ್ಲನ್ನು 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಹೊಸದಾಗುತ್ತದೆ. ಡಬ್ಬದೊಳಗೆ ಶೇ 40-50 ಇರಲಿ. 30ಕ್ಕಿಂತ ಇಳಿದರೆ ರಬ್ಬರು, ಒಳಗಿನ ಗ್ರೀಸು ಒಣಗುತ್ತವೆ. ಚರ್ಮದ ಚೀಲದಲ್ಲಿ ಇಡಬೇಡಿ, ಬೂಷ್ಟಿಗೆ ಮೊದಲ ಊಟ ಅದೇ.

ಅಚ್ಚಿನ ವಿಷಯಕ್ಕೆ ಬರುತ್ತೇನೆ. ಪತ್ರಿಕೆಯ ಕಾಗದ ಶಾಯಿ ಹೀರಿ ಹರಡುತ್ತದೆ, ಮೊಬೈಲಿನಲ್ಲಿ ವಿವರವಿದ್ದ ನೆರಳು ಅಚ್ಚಿನಲ್ಲಿ ಕರಿ ಮುದ್ದೆಯಾಗುತ್ತದೆ. ಬಯಲಿನ ಮಧ್ಯಾಹ್ನದ ಚಿತ್ರಗಳು ನಿಮ್ಮ ಪುಟದಲ್ಲಿ ಅಷ್ಟು ಕೆಟ್ಟದಾಗಿ ಕಾಣಲು ಇದೂ ಕಾರಣ. ಪತ್ರಿಕೆಗೆಂದು ಕಳಿಸುವಾಗ ನೆರಳನ್ನು ತುಸು ತೆರೆದು ಕಳಿಸಬೇಕು. ಆರು ಇಂಚು ಅಗಲಕ್ಕೆ ಇಂಚಿಗೆ 200ರಂತೆ 1,200 ಪಿಕ್ಸೆಲ್ ಸಾಕು. ಆದರೆ ವಾಟ್ಸ್ಆ್ಯಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುವುದಲ್ಲದೆ, ತೆಗೆದ ದಿನದ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸುವಂತೆ ನಿಮ್ಮ ಪ್ರಕಟಣೆಯಲ್ಲೇ ಒಂದು ಸಾಲು ಹಾಕಿ.

ಅಡಿಬರಹ ಇದೆಲ್ಲಕ್ಕಿಂತ ಮುಖ್ಯ. 'ಬೇಸಿಗೆಯ ಒಂದು ನೋಟ', 'ಬದುಕಿನ ಬಂಡಿ', 'ಬಿಸಿಲಿಗೂ ಬಾಗದ ಜೀವ' ಇವು ಅಡಿಬರಹಗಳಲ್ಲ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಅದಕ್ಕೆ ಮೊದಲು ಸಿಗಂದೂರಿಗೆ ಹೋಗುವವರು ಲಾಂಚಿನಲ್ಲಿ ದಾಟುತ್ತಿದ್ದರು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ವಾಹನ ಹತ್ತಿಸುವುದನ್ನು ನಿಲ್ಲಿಸಿ ಜನರನ್ನಷ್ಟೇ ಕರೆದೊಯ್ಯುತ್ತಿದ್ದರು. ಆ ದಾಟಿನ ಸಾವಿರಾರು ಚಿತ್ರ ಜನರ ಮೊಬೈಲಿನಲ್ಲಿವೆ. ಯಾವ ವರ್ಷದ ಬೇಸಿಗೆ, ನೀರು ಎಲ್ಲಿಯ ತನಕ ಇಳಿದಿತ್ತು, ಚೀಲ ಹೊತ್ತು ನಿಂತವರು ಯಾರು ಎಂದು ಎಷ್ಟರಲ್ಲಿ ಬರೆದಿದೆ? ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತುಹೋದವು; ಆ ಬಸ್ಸಿನ ಕಿಟಕಿಯಲ್ಲಿ ಕೂತವರ ಚಿತ್ರ ಈಗ ಇತಿಹಾಸದ ದಾಖಲೆ, ಆದರೆ ಬೋರ್ಡು ಓದಲು ಬರುವಂತಿದ್ದರೆ ಮಾತ್ರ. ಜೋಗವೂ ಹಾಗೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಬೇಸಿಗೆಯ ಜೋಗ ಎಂದರೆ 253 ಮೀಟರಿನ ಬರಿ ಬಂಡೆ. 'ಕಳೆಗುಂದಿದ ಜೋಗ' ಎಂದು ಪ್ರತಿ ವರ್ಷ ಬರೆಯುವ ಬದಲು ಯಾವ ದಿನ, ಯಾವ ಕವಲಿನಲ್ಲಿ ಎಷ್ಟು ನೀರಿತ್ತು ಎಂದು ಬರೆದರೆ ಹತ್ತು ವರ್ಷದ ಚಿತ್ರಗಳನ್ನು ಒಟ್ಟಿಗೆ ಇಟ್ಟು ಏನಾದರೂ ತಿಳಿಯಬಹುದು.

ಹಾಗಾಗಿ ನನ್ನ ವಿನಂತಿ ಇಷ್ಟು. ಓದುಗರ ಚಿತ್ರ ಆಹ್ವಾನಿಸುವಾಗ ಚಿತ್ರದ ಜತೆಗೆ ಐದು ವಿವರ ಕಡ್ಡಾಯ ಮಾಡಿ: ಚಿತ್ರದಲ್ಲಿರುವವರ ಹೆಸರು, ಊರು ಮತ್ತು ತಾಲ್ಲೂಕು, ತೆಗೆದ ದಿನ, ಹೊತ್ತು, ನಡೆಯುತ್ತಿರುವ ಕೆಲಸ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದರೆ ಹಾಗೆಂದೇ ತಿಳಿಸಲಿ, ನೀವು ಅಚ್ಚಿನಲ್ಲಿ ಬಿಡಿ. ಚಿತ್ರ ಪ್ರಕಟವಾದಾಗ ತೆಗೆದವರಿಗೆ ಒಂದು ಗೌರವ ಪ್ರತಿ ಕಳಿಸುವುದಿದ್ದರೆ ಚಿತ್ರದಲ್ಲಿರುವವರ ವಿಳಾಸಕ್ಕೂ ಒಂದು ಪ್ರತಿ ಅಂಚೆಯಲ್ಲಿ ಹೋಗಲಿ. ಒಳ್ಳೆ ಕಾಗದದ ಪ್ರಿಂಟ್ ಸಿಗದಿದ್ದವರಿಗೆ ಅದಾದರೂ ಸಿಗುತ್ತದೆ. ಈ ಸಲದ ಬೇಸಿಗೆ ಪುಟಕ್ಕೆ ಚಿತ್ರ ಕಳಿಸಲು ಮೇ ಕೊನೆಯವರೆಗೆ ಸಮಯ ಕೊಡಿ. ಮಧ್ಯಾಹ್ನ ಮೋಡ ಕಟ್ಟಿ ನಾಲ್ಕರ ಹೊತ್ತಿಗೆ ಒಂದು ಹದ ಮಳೆ ಹೊಡೆದು ನಿಂತ ಮೇಲೆ ಧೂಳು ಕೂತು, ದೂರದ ಘಟ್ಟ ಕಾಣುವಷ್ಟು ಗಾಳಿ ತಿಳಿಯಾಗುವ ದಿನಗಳು ಬರುವುದೇ ಆ ತಿಂಗಳಲ್ಲಿ. ಏಪ್ರಿಲ್ 15ಕ್ಕೇ ಗಡುವು ಹಾಕಿದರೆ ನಿಮಗೆ ಮತ್ತೆ ಕಲ್ಲಂಗಡಿಯೇ ಬರುತ್ತದೆ.

ಇಂತಿ,
ಒಬ್ಬ ಛಾಯಾಗ್ರಾಹಕ, ಶಿವಮೊಗ್ಗ